ಮೇವಿಸಳ ಸುರುಳಿ

ಸ್ಕಿಪ್ಟನ್ ಊರಿನ ಬಂದೂಕಿನಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಮುದುಕ ಸೆಲ್ವಿನ್, ತನ್ನ ಏರ್‌ಗನ್ನಿನ ಸದ್ದಡಗಿಸುವ ಕೊಳವೆ ಈಚೆಗೆ ಸದ್ದು ತಡೆಯುತ್ತಿಲ್ಲವೆಂದು ಅದನ್ನು ಅಂಗಡಿ ನೋಡಿಕೊಳ್ಳುವ ಹೆಟ್ಟಿಗೆ ಕೊಟ್ಟ. ಅವಳು ಅದನ್ನು ಬಿಚ್ಚಿದಳು.

“ಒಳಗಿನ ಉಣ್ಣೆಬಟ್ಟೆ ಎಣ್ಣೆ ಕುಡಿದು ಮುದ್ದೆಯಾಗಿದೆ. ಅದಕ್ಕೇ ಸದ್ದು. ಇದೇನು, ಕೂದಲು ಗುಂಗುರು ಮಾಡೋ ಸುರುಳಿ?”

“ಮೇವಿಸ್‌ದು. ಕದ್ದು ಒಳಗೆ ಕೂರಿಸಿದ್ದೆ. ಅವಳು ವಾರವೆಲ್ಲ ಹುಡುಕಿ ನಾಯಿಗೆ ಬೈದ್ಲು.”

“ಹೆಂಡ್ತಿ ಸಾಮಾನು ಕದ್ರಾ, ಕಳ್ಳಮುದುಕ!”

“ಬೆಳಗ್ಗೆ ಕೊಟ್ಟಿಗೇಲಿ ಇಲಿ ಹೊಡೆದ್ರೆ ಅವಳಿಗೆ ಎಚ್ಚರ ಆಗ್ತಿತ್ತು ಕಣಮ್ಮ.”

“ಹೊಸ ಕೊಳವೆ ಕೊಡ್ಲಾ?”

“ಬೇಡ. ಬಟ್ಟೆ ಬದಲಿಸು. ಸುರುಳಿ ಒರೆಸಿ ಅದನ್ನೇ ಹಾಕು.”

“ಈಗ ಎಚ್ಚರ ಆಗೋಕೆ ಮನೇಲಿ ಯಾರಿದ್ದಾರೆ ಸೆಲ್ವಿನ್?”

“ಯಾರೂ ಇಲ್ಲ. ಸದ್ದಾದ್ರೆ ಅವಳಿಲ್ಲ ಅನ್ನೋದು ನೆನಪಾಗುತ್ತೆ. ಸದ್ದಾಗದಿದ್ರೆ, ಇನ್ನೂ ಮಲಗಿದ್ದಾಳೆ ಅಂದ್ಕೋಬೋದು.”

ಹೆಟ್ಟಿ ಸುರುಳಿಯ ಒಂದೊಂದು ಹಲ್ಲನ್ನೂ ಒರೆಸಿ ಕೊಳವೆಗೆ ಸೇರಿಸಿದಳು. ಸೆಲ್ವಿನ್ ಅದನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು, ಬಾಗಿಲನ್ನು ಮೆಲ್ಲಗೆ ಮುಚ್ಚಿ ಹೋದ.