ಬಾವಿಗೆ ಹೋದ ಬಂಗಾರಮ್ಮ

ಇದು ನನ್ನ ಚಿಕ್ಕಪ್ಪನ ಮಗಳು ಮಂಗಳಮ್ಮನಿಗೆ ಆದದ್ದು. ಗುಮಟಾಪುರದ ಆಚೆ ಅವಳ ಗಂಡನ ಮನೆ. ದಾರಿಯಲ್ಲಿ ಒಂದು ಹಳೆಯ ಬಾವಿ. ಮನೆಮನೆಗೆ ನಲ್ಲಿ ಬಂದ ಮೇಲೆ ಅಲ್ಲಿ ಯಾರೂ ನೀರು ಸೇದುವುದಿಲ್ಲ. ಹಗ್ಗವೇ ಇಲ್ಲ. ರಾಟೆ ತುಕ್ಕು ಹಿಡಿದು ಕೂತಿತ್ತು.

ಅವತ್ತು ತಾಳವಾಡಿಯಿಂದ ಮಾವನಿಗೆ ಮಾತ್ರೆ ತಂದು, ಕಡೇ ಬಸ್ಸಿಳಿದು ಒಬ್ಬಳೇ ಬರುತ್ತಿದ್ದಳು. ಗಂಡ ಜೋಳದ ಹೊಲಕ್ಕೆ ಆನೆ ನುಗ್ಗದಂತೆ ಕಾಯಲು ಹೋಗಿದ್ದ. ಬಾವಿ ಹತ್ತಿರವಾದಾಗ...

ಕಿರ್‍ರ್... ಕಿರ್‍ರ್...

ರಾಟೆ ತಿರುಗುವ ಸದ್ದು. ಆಮೇಲೆ ಕೊಡ ಕಲ್ಲಿಗೆ ತಗುಲಿದ ಸದ್ದು. ಟಣ್.

ಮಾವ ಶಿವಶಂಕರಪ್ಪನವರಿಗೆ ಮರೆವಿನ ಕಾಯಿಲೆ. ಉಂಡದ್ದು ಮರೆಯುತ್ತಿದ್ದರು. ಹೆಂಡತಿ ಬಂಗಾರಮ್ಮ ತೀರಿಕೊಂಡು ಎರಡು ವರ್ಷವಾದದ್ದೂ ಮರೆತುಹೋಗಿತ್ತು. ಸಂಜೆಯಾದರೆ ಒಂದೇ ಮಾತು: "ಬಂಗಾರಿ ಎಲ್ಲೋದ್ಲವ್ವ?" ನಿಜ ಹೇಳಿದರೆ, ಅದೇ ಮೊದಲ ಸಲ ಕೇಳಿದವರ ಹಾಗೆ ಎದೆ ಬಡಿದುಕೊಂಡು ಅಳುತ್ತಿದ್ದರು. ದಿನಾ ಹೊಸ ಸಾವು. ನೋಡಲಾರದೆ ಮಂಗಳ ಒಂದು ಸುಳ್ಳು ಹಿಡಿದಳು.

"ಅತ್ತೆ ಬಾವಿಗೋಗವ್ರೆ ಮಾವ, ಬತ್ತಾರೆ."

ಮುದುಕರು ಸಮಾಧಾನವಾಗಿ ಜಗಲಿಯಲ್ಲಿ ಕಾಯುತ್ತಿದ್ದರು, ನಿದ್ದೆ ಹತ್ತುವವರೆಗೆ.

ನೆರೆಮನೆಯ ಪುಟ್ಟನಂಜಮ್ಮ ಒಂದು ದಿನ ಕೇಳಿಸಿಕೊಂಡು ಗದರಿದ್ದಳು. "ಸತ್ತೋರ್ನ ಬತ್ತಾರೆ ಅನ್ಬಾರ್ದು ಕಣವ್ವ. ಅವ್ರು ಕೇಳುಸ್ಕೊಂಡ್ರೆ?"

"ಕೇಳುಸ್ಕೊಂಡ್ರೆ ಬರ್ಲಿ ಬುಡಕ್ಕ. ಗಂಡನ್ನ ಒಂದಿನ ಅವ್ರೇ ನೋಡ್ಕಳ್ಲಿ," ಎಂದು ಮಂಗಳ ನಕ್ಕಿದ್ದಳು.

ಈಗ ಬಾವಿಕಟ್ಟೆಯ ಮೇಲೆ ಯಾರೋ ಬಗ್ಗಿ ನಿಂತಿದ್ದರು. ತಲೆ ಎತ್ತಲಿಲ್ಲ. ಪಿಸುದನಿ... ಅತ್ತೆಯದೇ.

"ದಿನಾ ಕಳುಸ್ತೀಯಲ್ಲೇ... ರಟ್ಟೆ ಬಿದ್ದೋಯ್ತು ನಂಗೆ."

ಮಂಗಳ ನಿಂತಲ್ಲೇ ಕೈಮುಗಿದಳು. "ತಪ್ಪಾಯ್ತು ಅತ್ತೆ..."

"ಸಾಕು. ಇನ್ನು ನೀನು ಸೇದು."

ಮಂಗಳ ಓಡಿದಳು. ಹಿಂದೆ ಹೆಜ್ಜೆ ಸದ್ದಿಲ್ಲ. ತುಂಬಿದ ಕೊಡದಲ್ಲಿ ನೀರು ತುಳುಕುವ ಸದ್ದು ಮಾತ್ರ. ಗುಳಕ್... ಗುಳಕ್... ಅದು ಅವಳನ್ನು ದಾಟಿ, ಮನೆಯ ಕಡೆ ಮುಂದೆ ಹೋಯಿತು.

ಜಗಲಿಯಲ್ಲಿ ಮಾವ ಕೂತಿದ್ದರು. ಅವಳು ಅವರೆದುರು ಏದುಸಿರು ಬಿಡುತ್ತ ನಿಂತಳು. ಮುಖ ನೋಡಿದರು. ಗುರುತು ಸಿಗಲಿಲ್ಲ. ಒಳಗೆ ತಿರುಗಿ ಕೂಗಿದರು.

"ಮಂಗಳ ಎಲ್ಲೇ?"

ಅಡುಗೆಮನೆಯಿಂದ ಅದೇ ಪಿಸುದನಿಯ ಉತ್ತರ ಬಂತು.

"ಬಾವಿಗೋಗವ್ಳೆ... ಬತ್ತಾಳೆ."

ಆವತ್ತಿನಿಂದ ಮಾವ ಅವಳನ್ನು ಗುರುತಿಸಿಲ್ಲ. ಅನ್ನ ಕಲಸಿ ತಿನ್ನಿಸುತ್ತಿರುವಾಗಲೂ, "ಮಂಗಳ ಇನ್ನೂ ಬರ್ನಿಲ್ವಾ?" ಎಂದು ಅವಳನ್ನೇ ಕೇಳುತ್ತಾರೆ. ಮರೆವು ಹೆಚ್ಚಾಗಿದೆ ಎಂದರು ಡಾಕ್ಟರು. ಇರಬಹುದು.

ಆದರೆ ಆ ರಾತ್ರಿಯ ಮಾರನೆಯ ಬೆಳಿಗ್ಗೆ, ಸುದ್ದಿ ಕೇಳಿ, ನಾನೇ ಬಾವಿಗೆ ಹೋಗಿ ನೋಡಿದೆ. ಹಗ್ಗ ಇರಲಿಲ್ಲ. ರಾಟೆಯ ಮೇಲೆ ತುಕ್ಕೂ ಇರಲಿಲ್ಲ. ಯಾರೋ ಹರಳೆಣ್ಣೆ ಬಿಟ್ಟಿದ್ದರು. ಬೆರಳಿಗೆ ಹತ್ತಿತು, ಮೂಸಿ ನೋಡಿದೆ. ಸುಳ್ಳು ಹೇಳುತ್ತಿಲ್ಲ. ಒಮ್ಮೆ ತಿರುಗಿಸಿಯೂ ನೋಡಿದೆ.

ಅದು ಈಗ ಸದ್ದೇ ಮಾಡುವುದಿಲ್ಲ.