ಬದನೆಕಾಯಿ ಗಾಡೀಲಿ ಬಂದ ಸೂಲಗಿತ್ತಿ

ಹೊಳೆ ಆಚೆ ಒಂದು ದೇಶ, ಈಚೆ ಒಂದು ದೇಶ. ಆಚೆಯೋರು ಬಡವರು. ಈಚೆ ಒಬ್ಬ ಸಾಹುಕಾರ ಇದ್ದ, ಅವನ ಮಾತೇ ಅಲ್ಲಿ ಕಾಯ್ದೆ. ಒಂದಿನ ಸಭೆ ಸೇರಿಸಿ, 'ಇನ್ಮೇಲೆ ನಾವೆಲ್ಲ ಒಂದೇ, ಸೇತುವೆ ಗೇಟು ತೆಗೀರಿ' ಅಂದ. ಚಪ್ಪಾಳೆ ಬಿತ್ತು. ಗೇಟು ಹೋಯ್ತು, ಕಾವಲುಗಾರ ಉಳ್ಕೊಂಡ. ಯಾಕೆ? ಸಾಹುಕಾರ ಮನೆಗೆ ಹೋಗಿ ಕೂತು ಬರ್ದ: ಸರಕಿನ ಗಾಡಿ ನಿಲ್ಲಿಸೋ ಹಾಗಿಲ್ಲ. ಮನುಷ್ಯ ಬಂದ್ರೆ ಮೂರು ದಿನ ಕೂರಿಸಿ, ವಿಚಾರಿಸಿ, ಆಮೇಲೆ ಬಿಡಿ. ನೋಡಿ, ಆಚೆ ದಡದ ಬದನೆಕಾಯಿ ಬೇಕು, ಬದನೆಕಾಯಿ ಕಿತ್ತೋಳು ಬೇಡ. ಅವನಿಗೆ ಅದರಲ್ಲಿ ತಪ್ಪೇನೂ ಕಾಣ್ಲಿಲ್ಲ.

ಅವನ ಸೊಸೆಗೆ ಹೆರಿಗೆ ನೋವು ಬಂತು. ಮಗು ಅಡ್ಡ ತಿರುಗಿತ್ತು. ಅಂಥ ಮಗು ತೆಗೆಯೋಳು ಆಚೆ ದಡದ ಸೂಲಗಿತ್ತಿ ಮುದುಕಿ ಒಬ್ಬಳೇ. ಸಾಹುಕಾರ ಅವಳಿಗೆ ಹೇಳಿ ಕಳಿಸಿ, ತಾನೂ ಸೇತುವೆಗೆ ಓಡಿದ. ಮುದುಕಿ ಆಗ್ಲೇ ಬಂದು ನಿಂತಿದ್ಲು.

'ಬಿಡಯ್ಯ ಅವಳನ್ನ' ಅಂದ ಸಾಹುಕಾರ.

'ಮೂರು ದಿನ ಆಗ್ಬೇಕು ಸ್ವಾಮಿ' ಅಂದ ಕಾವಲುಗಾರ.

'ಅದನ್ನ ಬರ್ದೋನು ನಾನೇ ಕಣಯ್ಯ.'

'ಹೌದು ಸ್ವಾಮಿ. ಮೀರಿದ್ರೆ ನನ್ನ ಕೆಲಸ ಹೋಗುತ್ತೆ ಅಂತಾನೂ ನೀವೇ ಬರ್ದಿದೀರಿ.'

ಮುದುಕಿ ಇಬ್ಬರ ಮುಖಾನೂ ನೋಡಿದ್ಲು. ಹಿಂದೆ ಬದನೆಕಾಯಿ ಗಾಡಿ ಬರ್ತಿತ್ತು. ಅದನ್ನ ಹತ್ತಿ, ಮೂಟೆಗಳ ನಡುವೆ ಕೂತು, ತಲೆ ಮೇಲೆ ಗೋಣಿ ಎಳ್ಕೊಂಡ್ಲು. 'ಈಗ ನಾನು ಸರಕು. ಹೊಡಿಯಪ್ಪ ಗಾಡಿ.'

ಕಾವಲುಗಾರ ದಾರಿ ಬಿಟ್ಟ. ಕಾಯ್ದೆ ಪ್ರಕಾರ ಎಲ್ಲ ಸರಿಯಾಗಿತ್ತು.

ಮಗು ಉಳೀತು, ತಾಯಿ ಉಳಿದ್ಲು. ಸಾಹುಕಾರ ಕಣ್ಣೊರೆಸ್ಕೊಂಡು, 'ನೀನು ನಮ್ಮನೆಯೋಳೇ ಕಣಮ್ಮ, ಮಜ್ಜಿಗೆ ಕುಡಿದು ಹೋಗು' ಅಂದ. ಮಜ್ಜಿಗೆ ಬಂತು. ಹಿತ್ತಲ ಬಾಗ್ಲಿಗೆ ಬಂತು, ಕೆಲಸದೋರಿಗೆ ಅಂತ ಬೇರೆ ಇಟ್ಟಿದ್ದ ಲೋಟದಲ್ಲಿ.

ಮುದುಕಿ ಕುಡಿದು, ತಾನೇ ತೊಳೆದು, ಕವುಚಿ ಹಾಕಿ ಕೇಳಿದ್ಲು: 'ಯಜಮಾನ್ರೇ, ನಿಮ್ಮ ಮೊಮ್ಮಗನ್ನ ಮೊದಲು ಮುಟ್ಟಿದ್ದು ನಾನು. ಅವನಿಗೂ ಇದೇ ಲೋಟ ಕೊಡ್ತೀರಾ?'

ಸಾಹುಕಾರ ಮೊಮ್ಮಗನ ಕಡೆ ನೋಡಿದ, ಲೋಟದ ಕಡೆ ನೋಡಿದ.

ವಾರದ ಪ್ರಾರ್ಥನೆಗೆ ಬಂದು ಕೂತೋರು ನಗ್ತಿದೀರಿ. ನಗಿ. ದೇಶ ದೇಶ ಒಂದಾಗೋದು ದೊಡ್ಡೋರ ಕೆಲಸ, ನಮ್ಮದೇನಿದೆ ಅಂತೀರಿ. ಆ ದೊಡ್ಡೋರು ಬೆಳೆದದ್ದು ಯಾರ ಮನೇಲಿ? ನಿಮ್ಮನೇಲಿ ಪಾತ್ರೆ ತೊಳೆಯೋಳ ಲೋಟ ಎಲ್ಲಿದೆ? ಕಿಟಕಿ ಮೇಲೆ. ನಂಗೊತ್ತು, ನಿಮ್ಮನೆಗಳಲ್ಲಿ ಊಟ ಮಾಡಿದೀನಿ. ನಾಳೆ ಬೆಳಿಗ್ಗೆ ಅವಳು ಬಂದಾಗ ನೀವು ಕುಡಿಯೋ ಲೋಟದಲ್ಲೇ ಕಾಫಿ ಕೊಡಿ. ಕುರ್ಚಿ ಎಳೆದು ಕೂರಿಸಿ. ಹೆಸರು ಗೊತ್ತಿಲ್ದಿದ್ರೆ ಕೇಳಿ. ಅಷ್ಟೂ ಆಗಲ್ಲ ಅಂದ್ರೆ, ಮುಂದಿನ ವಾರ ಇಲ್ಲಿ ಎಲ್ಲರೂ ಕೈ ಮುಗಿದು 'ಎಲ್ಲರೂ ನಮ್ಮವರೇ' ಅನ್ನುವಾಗ ನೀವು ಅನ್ಬೇಡಿ. ಸುಮ್ನೆ ಕೂತಿರಿ.