ಇಂಜಿನ್ ಥಂಡಿ ಆಗೂತನಕ

ನಗೂದಿದ್ರ ಈಗ ನಕ್ಕುಬಿಡ್ರಿ, ನಡುವ ನಗಬ್ಯಾಡ್ರಿ. ಇದು ಸಿಂದಗ್ಯಾಗ, ನಮ್ಮ ಬಾಜೂ ಮನಿ ಮೆಕ್ಯಾನಿಕ್ ಸಿಕಂದರಗ ಆಗಿದ್ದು, ಹೋದ ವರ್ಷ ಥಂಡಿ ದಿನದಾಗ. ರಾತ್ರಿ ಹನ್ನೊಂದಾಗಿತ್ತು. ಗ್ಯಾರೇಜಿಗೆ ಕೀಲಿ ಹಾಕಿ ಮನಿಗೆ ನಡಕೋಂತ ಹೊಂಟಿದ್ದ. ಹಾಳು ಬಾವಿ ತನಕ ಬಂದಿದ್ದ, ಅಷ್ಟ... ಹಿಂದ ಗ್ಯಾರೇಜಿನ ಕಡೆಯಿಂದ ಕಾರು ಚಾಲೂ ಮಾಡೂ ಸಪ್ಪಳಾತು. ಕಿರ್ರ್... ಕಿರ್ರ್... ಗಕ್.

ಗ್ಯಾರೇಜಿನ್ಯಾಗ ಇದ್ದದ್ದು ಒಂದ ಕಾರು, ಮೋರಟಗಿ ಊರಿನ ಯಶೋಧಾ ಟೀಚರದು. ಅದರ ಕೀಲಿ ಸಿಕಂದರನ ಕಿಸೇದಾಗಿತ್ತು.

ಆ ಕಾರಿಗೆ ಒಂದ ರೋಗ. ನಸುಕಿನ ಥಂಡ್ಯಾಗ ಚಾಲೂ ಆಗ್ತಿತ್ತು, ಆಕ್ಸಿಲೇಟರ್ ಒತ್ತಿದ್ರ ತಡದು ತಡದು ಬಂದ್ ಬೀಳ್ತಿತ್ತು. ಅದರ ಹಿಂದಿನ ವರ್ಷ ಟೀಚರ್ ಗಂಡ ರಾವಸಾಬರಿಗೆ ನಸುಕಿನ್ಯಾಗ ಎದಿ ಹಿಡೀತು. ಟೀಚರ್ ಅವರನ್ನ ಬಾಜೂ ಸೀಟಿನ್ಯಾಗ ಕುಂಡ್ರಿಸಿಕೊಂಡು ಸಿಂದಗಿ ದವಾಖಾನಿಗೆ ಹೊಂಟ್ರು. ನಾಕು ಸಲ ಬಂದ್ ಬಿತ್ತು. ಐದನೇದಕ್ಕ ಕಾರು ಹೊಂಟಿತು... ಅಷ್ಟೊತ್ತಿಗೆ ರಾವಸಾಬರ ಜೀವ ಇರಲಿಲ್ಲ.

‘ಮಾರಿಬಿಡ್ರಿ ಟೀಚರ್ರ,’ ಅಂದಿದ್ದ ಸಿಕಂದರ.

‘ಒಮ್ಮೆರ ತಡೀದ ಹೋಗ್ಲಿ, ಆಮ್ಯಾಲ ಮಾರ್ತೇನಿ. ಅಲ್ಲಿತನಕ ನನಗ ನಿದ್ದಿ ಹತ್ತಂಗಿಲ್ಲ.’



ಸಿಕಂದರ ಲ್ಯಾಪ್‌ಟಾಪ್ ಜೋಡಿಸಿ, ಥಂಡಿ ಇದ್ದಾಗ ಎಷ್ಟು ಪೆಟ್ರೋಲ್ ಬಿಡಬೇಕನ್ನೂದನ್ನ ಕಾರಿನ ಕಂಪ್ಯೂಟರದಾಗ ಹೊಸದಾಗಿ ತುಂಬಿದ್ದ. ಆದ್ರ ಇಂಜಿನ್ ಬಿಸಿ ಇದ್ದಾಗ ಈ ರೋಗ ಕಾಣೂದಿಲ್ಲ. ರಾತ್ರಿಯೆಲ್ಲ ಮುಟ್ಟದ ಬಿಡಬೇಕು, ನಸುಕಿನ್ಯಾಗ ನೋಡಬೇಕು. ಅದಕ್ಕಂತನ ಕೀಲಿ ತನ್ನ ಕಡೆ ಇಟಕೊಂಡಿದ್ದ.

ಓಡಿ ಹೊಳ್ಳಿ ಬಂದ. ಶಟರಿನ ಕೀಲಿ ಹಾಕಿದ್ದು ಹಾಕಿದಂಗ ಇತ್ತು. ತಗದ. ಬಾನೆಟ್ ಮ್ಯಾಲೆ ಕೈ ಇಟ್ಟ... ತಣ್ಣಗ. ಆವಾಗ ಬಾಜೂ ಸೀಟಿನಿಂದ, ಸಣ್ಣ ದನೀಲೆ...

‘ಚಾಲೂ ಆತೇನು?’

 ಗಿರಾಕಿಗೆ ದಿನಾ ಹೇಳೂ ಮಾತ ಸಿಕಂದರನ ಬಾಯಿಗೆ ಬಂತು ನೋಡ್ರಿ, ಎಂಥಾ ಮೆಕ್ಯಾನಿಕ್ ಇರಬೇಕು ಅಂವ.

‘ಇನ್ನೂ... ಥಂಡಿ ಆಗಬೇಕ್ರಿ. ನಸುಕಿನ್ಯಾಗ ಬರ್ರಿ.’

‘ತಡಾ ಮಾಡಬ್ಯಾಡಪಾ.’

ಶಟರ್ ಸುದ್ದಾ ಇಳಸಲಿಲ್ಲ. ಓಡಿ ಬಂದು ನಮ್ಮ ಬಾಗಿಲಾ ಬಡದ.

ಐದಕ್ಕ ನಾನೂ ಅವನ ಜೋಡಿ ಹೋದ್ನಿ. ಸಿಂದಗ್ಯಾಗಿನ ತಂಗಿ ಮನ್ಯಾಗ ಉಳಕೊಂಡಿದ್ದ ಟೀಚರ್ ಆಗಲೇ ಬಂದು ನಿಂತಿದ್ರು. ರಾತ್ರಿ ಆಗಿದ್ದನ್ನ ಹೇಳದ ಸಿಕಂದರ ಕೀಲಿ ಅವರ ಕೈಗಿಟ್ಟ. ಕೀಲಿ ತಿರುವಿದ್ರು. ಒಂದ ಸಲಕ್ಕ ಚಾಲೂ. ಆಕ್ಸಿಲೇಟರ್ ಒತ್ತಿದ್ರು... ತಡೀಲಿಲ್ಲ. ಕಾರು ಮೆತ್ತಗ ಹೊರಗ ಬಂತು.

ಆಗ ಶುರುವಾತು. ಟಿಂವ್... ಟಿಂವ್... ಟಿಂವ್. ಬಾಜೂ ಸೀಟಿನ್ಯಾಗ ಕುಂತವರು ಬೆಲ್ಟ್ ಹಾಕದಿದ್ರ ಹೊಡಕೋತೈತಲ್ಲ, ಅದು. ಆ ಸೀಟಿನ್ಯಾಗ ಒಂದು ಕೈಚೀಲಾನೂ ಇರಲಿಲ್ಲ.

ಟೀಚರ್ ನಮ್ಮ ಕಡೆ ನೋಡಲಿಲ್ಲ. ಬಗ್ಗಿ, ಖಾಲಿ ಸೀಟಿಗೆ ಅಡ್ಡಾಗಿ ಬೆಲ್ಟ್ ಎಳದು ಹಾಕಿದ್ರು. ಟಕ್. ಸಪ್ಪಳ ನಿಂತಿತು.

ನಂಬ್ರಿ, ಬಿಡ್ರಿ... ನಾ ನನ್ನ ಕಣ್ಣಿಲೆ ನೋಡೇನಿ. ಕಾರು ಮೋರಟಗಿ ರಸ್ತಾ ಹಿಡೀಲಿಲ್ಲ. ದವಾಖಾನಿ ಕಡೆ ಹೊಳ್ಳಿತು.